ಚೀನದ ಪುರಾತನ ಪೀಠೋಪಕರಣಗಳ ಪರೀಕ್ಷೆ

ಬಂಗಾರವನ್ನು ಕೊಳ್ಳುವಾಗ ಒರೆಗಲ್ಲನ್ನು ಕೇಳುವ ಗೃಹಸ್ಥನು, ಹಳೆಯ ಮರದ ಸಾಮಾನನ್ನು ಕೊಳ್ಳುವಾಗ ಮಾತ್ರ ವರ್ತಕನ ಮಾತನ್ನೇ ಪ್ರಮಾಣವೆಂದು ನಂಬಿಬಿಡುತ್ತಾನೆ. ಚೀನದೇಶದ ಪುರಾತನ ಕುರ್ಚಿ, ಮೇಜು, ಬೀರುಗಳ ವ್ಯಾಪಾರದಲ್ಲಿ ಈ ನಂಬಿಕೆಯು ಬಹು ದುಬಾರಿಯಾದುದು. ಆದಕಾರಣ ಈ ವಸ್ತುಗಳಲ್ಲಿ ಅಭಿರುಚಿಯುಳ್ಳ ವಾಚಕರಿಗಾಗಿ ಅವುಗಳ ಗುಣದೋಷಗಳನ್ನು ಸಂಗ್ರಹವಾಗಿ ನಿರೂಪಿಸುವೆವು.

ಈ ಕಲೆಯು ಪರಿಪಾಕಕ್ಕೆ ಬಂದುದು ಮಿಂಗ್ ವಂಶದ (1368–1644) ಕಡೆಯ ಕಾಲದಲ್ಲಿ. 1567ರಲ್ಲಿ ಸಮುದ್ರವ್ಯಾಪಾರದ ಮೇಲಿದ್ದ ನಿರ್ಬಂಧವು ಸಡಿಲಗೊಂಡ ತರುವಾಯ ದಕ್ಷಿಣದ ಗಟ್ಟಿಮರಗಳು ಚೀನಕ್ಕೆ ಹೆಚ್ಚಾಗಿ ಬಂದುವು. ಹುವಾಂಗ್‌ಹುವಾಲಿ, ಜಿತಾನ್ ಎಂಬ ಎರಡು ಮರಗಳಿಗೆ ಅಗ್ರಪೂಜೆಯು ಸಂದಿತು. ಮೊದಲನೆಯದು ಹೊಂಬಣ್ಣದ್ದು, ಹೈನಾನ್ ದ್ವೀಪದಲ್ಲಿ ಬೆಳೆಯುವಂಥದು. ಎರಡನೆಯದು ಕಪ್ಪುಗೆಂಪಿನದು, ನಮಗೆ ಅಪರಿಚಿತವೂ ಅಲ್ಲ. ಆಂಧ್ರದ ಶೇಷಾಚಲ ಪ್ರಾಂತದಲ್ಲಿ ಬೆಳೆಯುವ ರಕ್ತಚಂದನಕ್ಕೇ ಚೀನದ 2000ನೆಯ ವರ್ಷದ ರಾಷ್ಟ್ರೀಯ ಮಾನದಂಡವು ಆ ಹೆಸರನ್ನು ಮೀಸಲಾಗಿಟ್ಟಿದೆ.

ಆದರೆ ಈ ಸಾಮಾನುಗಳ ಮಹಿಮೆಯಿರುವುದು ಮರದಲ್ಲಲ್ಲ, ಸಂಧಿಯಲ್ಲಿ. ಒಂದು ತುಂಡಿನ ಚಾಚು ಇನ್ನೊಂದರ ತೂತಿನಲ್ಲಿ ಬಿಗಿಯಾಗಿ ಕೂಡುವಂತೆ ಬಡಗಿಯು ಕೊರೆಯುತ್ತಿದ್ದನು. ಕಬ್ಬಿಣದ ಮೊಳೆಯ ಹಂಗಿಲ್ಲ, ಅಂಟಿನ ಆಶ್ರಯವೂ ಅಲ್ಪವೇ. ಮೇಜಿನ ಹಲಗೆಯನ್ನು ಸುತ್ತಣ ಚೌಕಟ್ಟಿನ ಸೀಳಿನಲ್ಲಿ ಸಡಿಲವಾಗಿ ಸೇರಿಸುವುದರಿಂದ, ಅದು ಮಳೆಗಾಲದಲ್ಲಿ ಉಬ್ಬಿ ಒಣಹವೆಯಲ್ಲಿ ಕುಗ್ಗಿದರೂ ಸೀಳಿಹೋಗದು.

ಹೀಗಿರಲಾಗಿ, ಕೊಳ್ಳುವವನು ಮೊದಲು ಸಾಮಾನನ್ನು ಮಗುಚಿ ನೋಡತಕ್ಕದ್ದು. ಮೇಲ್ಭಾಗವನ್ನು ಉಜ್ಜಿ ಹೊಳೆಯಿಸುವುದು ಸುಲಭ. ಅಡಿಭಾಗವನ್ನು ಹಳತಾಗಿಸುವುದು ಕಷ್ಟ. ಅನೇಕ ಹಳೆಯ ಮೇಜುಗಳ ಅಡಿಯಲ್ಲಿ ನಾರುಬಟ್ಟೆಯನ್ನು ಹಚ್ಚಿ ಲೇಪವನ್ನು ಬಳಿದ ಶೇಷವು ಕಾಣುವುದು. ಕುರ್ಚಿಯಲ್ಲಿ ಕಾಲಿಡುವ ಮುಂದಣ ಅಡ್ಡಪಟ್ಟಿಯು ಸವೆದಿರಬೇಕು; ಅಂಗೈ ತಗುಲದ ಎಡೆಯೂ ಸಮವಾಗಿ ಸವೆದಿದ್ದರೆ ಅದು ಅರದ ಕೆಲಸವೆಂದು ತಿಳಿಯಬೇಕು. ಯಂತ್ರದ ಚಕ್ರಗರಗಸವು ಬಿಟ್ಟ ಕಮಾನಿನಂಥ ಗೆರೆಗಳು ಕಂಡರೆ ಪ್ರಾಚೀನತೆಯ ಮಾತೇ ಇಲ್ಲ. ಗಿಡ್ಡ ಮೇಜುಗಳ ವಿಷಯದಲ್ಲಿ ವಿಶೇಷವಾದ ಎಚ್ಚರವು ಬೇಕು. ಉತ್ತರಚೀನದಲ್ಲಿ ಬಿಸಿಮಾಡಿದ ಇಟ್ಟಿಗೆಯ ಜಗುಲಿಯ ಮೇಲಿಡುವ ಕಿರುಮೇಜುಗಳು ಉಂಟೆಂಬುದು ನಿಜ; ಆದರೆ ಎತ್ತರದ ಮೇಜಿನ ಕಾಲುಗಳನ್ನು ಕತ್ತರಿಸಿ ಗಿಡ್ಡವಾಗಿಸಿದವೂ ಮಾರಾಟಕ್ಕೆ ಬರುವುವು. ಬೀರುವಿನ ಬಾಗಿಲೊಂದು ಕಾಲದ್ದು, ಒಡಲು ಇನ್ನೊಂದು ಕಾಲದ್ದು ಆಗಿರುವುದೂ ಉಂಟು.

ಕೊಳ್ಳುವುದಕ್ಕೆ ಮುಂಚೆ ಕಣ್ಣನ್ನು ಪಳಗಿಸಬೇಕು. ಪಂಡಿತ ವಾಂಗ್ ಶೀಶಿಯಾಂಗ್‌ರವರು (1914–2009) ಸೈಕಲ್ಲಿನ ಮೇಲೆ ಬೀಜಿಂಗಿನಲ್ಲಿ ಅಲೆದು ಇಂಥವನ್ನು ಕೂಡಿಸಿ, 1985ರಲ್ಲಿ ಪ್ರಕಟವಾದ ತಮ್ಮ ಗ್ರಂಥದಿಂದ ಈ ವಿದ್ಯೆಗೆ ಅಸ್ತಿಭಾರವನ್ನು ಹಾಕಿದರು. ಅವರ ಸಂಗ್ರಹದ 79 ವಸ್ತುಗಳು ಶಾಂಘಾಯಿ ವಸ್ತುಸಂಗ್ರಹಾಲಯವನ್ನು ಸೇರಿವೆ. ಚೀನಕ್ಕೆ ಹೋದವರು ಅಂಗಡಿಗೆ ಮುನ್ನ ಅಲ್ಲಿಗೆ ಹೋಗುವುದು ಲೇಸು.

ಇನ್ನು ಶಾಸನದ ವಿಚಾರ. 1911 ಮತ್ತು ಅದಕ್ಕೆ ಹಿಂದಿನ, ಇತಿಹಾಸ ಕಲೆಗಳ ಮೌಲ್ಯವುಳ್ಳ ವಸ್ತುಗಳನ್ನು ಹೊರದೇಶಕ್ಕೆ ಒಯ್ಯಲಾಗದೆಂಬುದು ಚೀನ ಸರಕಾರವು 2007ರಲ್ಲಿ ವಿಧಿಸಿದ ಸಾಮಾನ್ಯ ನಿಯಮ. ಅಲ್ಲಿಯ ವರ್ತಕನು “ಇದು ಮುನ್ನೂರು ವರ್ಷದ್ದು, ನಾಳೆಯೇ ಕಳುಹಿಸುವೆ” ಎಂದರೆ, ಒಂದೋ ಅವನ ಮಾತು ಸುಳ್ಳು, ಇಲ್ಲವೋ ಅವನ ಕಾರ್ಯವು ಕಳ್ಳತನ. ಹೊರದೇಶಗಳಲ್ಲಿ ಕೊಳ್ಳುವವರು ವಸ್ತುವು ಯಾರ ಕೈಯಿಂದ ಯಾವಾಗ ಬಂದಿತೆಂಬುದಕ್ಕೆ ಲಿಖಿತ ಆಧಾರವನ್ನು ಕೇಳಬೇಕು.

ಮರದ ಹೆಸರಿಗೆ ಮರುಳಾಗುವವರಿಂದ ಇನ್ನೊಂದು ಅನರ್ಥವೂ ಉಂಟು. ರಕ್ತಚಂದನವು 1995ರಿಂದ ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆಯಲ್ಲಿದ್ದರೂ, ಹೊಸ ಸಾಮಾನುಗಳಿಗಾಗಿ ಅದನ್ನು ಶೇಷಾಚಲದ ಕಾಡಿನಿಂದ ಕದ್ದು ಕಡಿಯುವುದು ನಿಂತಿಲ್ಲ. ನೂರಾರು ವರ್ಷ ಬಾಳಿದ ಕುರ್ಚಿಯನ್ನು ಕಾಪಾಡುವುದು ಪುಣ್ಯಕಾರ್ಯವೇ ಸರಿ. ಅದರ ನಕಲಿಗಾಗಿ ಕಾಡನ್ನು ಬರಿದುಮಾಡಿಸುವುದು ಗೃಹಸ್ಥಧರ್ಮವಲ್ಲ.

ಮಿತವಾದ ಹಣವುಳ್ಳವರು ಶಾನ್‌ಶೀ ಪ್ರಾಂತದ ಎಲ್ಮ್ ಮರದ ಹಳ್ಳಿಯ ಸಾಮಾನುಗಳನ್ನು ನೋಡಲಿ. ಅವುಗಳ ಮರವು ಸಾಧಾರಣದ್ದಾದರೂ ಸಂಧಿಯ ಕ್ರಮವು ಅದೇ. ಮಗುಚಿ ನೋಡಿ, ಕೀಲುಗಳನ್ನು ಮುಟ್ಟಿ, ಕುಳಿತು, ಅಲುಗಿಸಿ, ಆಮೇಲೆ ಬೆಲೆಯನ್ನು ಕೇಳಿರಿ.