ಮಲ್ಪೆಯ ಕಂಬಗಲ್ಲು, ವಿಜಯಪುರದ ಕರಿಕಲ್ಲು

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಕಲ್ಲುಕಂಬಗಳನ್ನು ಕಂಡು ಇವನ್ನು ಕಡೆದವರು ಯಾರೆಂದು ಕೇಳುವುದುಂಟು. ಐದು, ಆರು, ಏಳು ಮುಖದ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ಸಾಲುಗಟ್ಟಿವೆ. ಯಾವ ಉಳಿಯೂ ಅವನ್ನು ಮುಟ್ಟಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು. ತಣಿದ ಕಲ್ಲು ಕುಗ್ಗಿ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಂತೆ ಬಿರಿಯಿತು. ಮೇಲೆ ಹುಟ್ಟಿದ ಬಿರುಕುಗಳು ತಂಪಿನ ಬೆನ್ನು ಹತ್ತಿ ಒಳಗಿಳಿದಾಗ ಕಂಬಗಳು ಮೂಡಿದವು.

ಬೀದರ್, ಕಲಬುರಗಿ, ವಿಜಯಪುರದ ಕಲ್ಲೂ ಲಾವಾದಿಂದಲೇ ಆದದ್ದು. ಆದರೆ ಅದರ ಜಾತಿಯೇ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಪದರ ಪದರವಾಗಿ ಹರಿದ ಲಾವಾ ಇಂದಿಗೂ ದಖನ್ನಿನ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಆವರಿಸಿದೆ. ಅದು ಬಸಾಲ್ಟ್. ಗೋಳಗುಮ್ಮಟ ಎದ್ದದ್ದು ಈ ಕರಿಕಲ್ಲಿನಿಂದ. ಎರೆಮಣ್ಣು ಹುಟ್ಟಿದ್ದೂ ಇದು ಸವೆದೇ.

ವ್ಯತ್ಯಾಸದ ಮೂಲ ಸಿಲಿಕಾ. ಬಸಾಲ್ಟಿನಲ್ಲಿ ಅದು ಸುಮಾರು ಅರ್ಧದಷ್ಟು. ಮಲ್ಪೆಯ ಕಂಬಗಳ ರಯೊಲೈಟ್ ಬಗೆಯ ಕಲ್ಲಿನಲ್ಲಿ ಶೇಕಡಾ 70ರ ಆಸುಪಾಸು. ಸಿಲಿಕಾ ಹೆಚ್ಚಿದಷ್ಟೂ ಲಾವಾ ಅಂಟಂಟಾಗುತ್ತದೆ. ಹವಾಯಿಯ ಕಿಲಾವೆಯಾ ಜ್ವಾಲಾಮುಖಿಯಲ್ಲಿ 1,100 ಡಿಗ್ರಿ ಸೆಲ್ಸಿಯಸ್ ದಾಟಿದ ಬಸಾಲ್ಟ್ ಲಾವಾ ಸಲೀಸಾಗಿ ಹರಿಯುತ್ತದೆ. ಅಂಟು ಲಾವಾದಲ್ಲಾದರೋ ಅನಿಲ ಸಿಕ್ಕಿಹಾಕಿಕೊಂಡು ಒತ್ತಡ ಏರುತ್ತದೆ. 1980ರ ಮೇ 18ರಂದು ಅಮೆರಿಕದ ಸೇಂಟ್ ಹೆಲೆನ್ಸ್ ಸಿಡಿದಾಗ ಬೆಟ್ಟದ ತುದಿಯ ಸುಮಾರು 400 ಮೀಟರ್ ಒಂದೇ ದಿನದಲ್ಲಿ ಇಲ್ಲವಾಯಿತು.

ಕಲ್ಲುಗಳು ಬೇರೆ ಬೇರೆಯಾಗುವುದರಲ್ಲಿ ತಣಿಯುವ ವೇಗಕ್ಕೂ ಪಾಲಿದೆ. ರಯೊಲೈಟ್ ಆಗಬಹುದಾದ ಶಿಲಾರಸವೇ ನೆಲದಾಳದಲ್ಲಿ ಸಾವಿರಾರು ವರ್ಷ ನಿಧಾನವಾಗಿ ಗಟ್ಟಿಯಾದರೆ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ಬೆಳೆದು ಗ್ರಾನೈಟ್ ಆಗುತ್ತದೆ. ಹರಳು ಕಟ್ಟಲು ಪುರುಸೊತ್ತೇ ಸಿಗದಂತೆ ತಣಿದರೆ ಅಬ್ಸಿಡಿಯನ್ ಎಂಬ ಕಪ್ಪು ಗಾಜು. ಮೆಕ್ಸಿಕೋದ ಆಜ್ಟೆಕ್ ಜನ ಅದರಿಂದಲೇ ಹರಿತವಾದ ಅಲಗುಗಳನ್ನು ಮಾಡಿಕೊಳ್ಳುತ್ತಿದ್ದರು.

ಅನಿಲ ನೊರೆಯೆಬ್ಬಿಸಿದರೆ ಪ್ಯೂಮಿಸ್, ನೀರಿನಲ್ಲಿ ತೇಲುವ ಕಲ್ಲು. 1883ರಲ್ಲಿ ಇಂಡೊನೇಷ್ಯಾದ ಕ್ರಕಟೋವಾ ಉಗುಳಿದ ಪ್ಯೂಮಿಸ್ ಹಿಂದೂ ಮಹಾಸಾಗರ ದಾಟಿ ಆಫ್ರಿಕಾದ ದಡ ಮುಟ್ಟಿತು. ದಖನ್ನಿನ ಲಾವಾದಲ್ಲೂ ಗುಳ್ಳೆಗಳಿದ್ದವು. ಅವು ಬಿಟ್ಟುಹೋದ ತೂತುಗಳಲ್ಲಿ ಮುಂದೆ ನೀರು ಜಿನುಗಿ ಜಿಯೊಲೈಟ್, ಸ್ಫಟಿಕಗಳು ಬೆಳೆದವು. ಕರಿಕಲ್ಲನ್ನು ಒಡೆದಾಗ ಕೆಲವೊಮ್ಮೆ ಕಾಣುವ ಬಿಳಿ ಚುಕ್ಕೆಗಳು ಅವೇ.

ತಣಿದ ಮೇಲೂ ಕಲ್ಲಿನ ಬದಲಾವಣೆ ನಿಲ್ಲಲಿಲ್ಲ. ಬೀದರಿನಲ್ಲಿ ಬಸಾಲ್ಟಿನ ಮೇಲ್ಪದರ ಮಳೆ ಬಿಸಿಲಿಗೆ ಮಾಗಿ ಕೆಂಪು ಜಂಬಿಟ್ಟಿಗೆಯಾಯಿತು. ತೂತುತೂತಾದ ಈ ಪದರದಲ್ಲಿ ಇಂಗಿದ ಮಳೆನೀರು ಅಡಿಯ ಬಸಾಲ್ಟಿನ ಮೇಲೆ ನಿಲ್ಲುತ್ತದೆ. ಬಹಮನಿಗಳ ಕಾಲದ ಕರೇಜ್ ಸುರಂಗಗಳು ಕೊರೆದು ಹಿಡಿದದ್ದು ಈ ನೀರನ್ನೇ.