ನಾಲ್ಕು ಡ್ರೈವ್ ಇದ್ದರೆ ಸಾಕೇ?

ಲೆಕ್ಕದ ಪುಸ್ತಕ, ಸದಸ್ಯರ ಪಟ್ಟಿ, ನಾಟಕದ ಫೋಟೋ, ಹಳೆಯ ಸಂಚಿಕೆಗಳ ಪುಟಗಳು ಎಲ್ಲವೂ ಈಗ ಬೀರುವಿನಿಂದ ಕಂಪ್ಯೂಟರಿಗೆ ವಲಸೆ ಹೋಗಿವೆ. ಬ್ಯಾಂಕು, ಕಚೇರಿಗಳ ಮಾತಂತೂ ಕೇಳುವುದೇ ಬೇಡ. ಕಾಗದಕ್ಕೆ ಗೆದ್ದಲಿನ ಭಯ. ಕಂಪ್ಯೂಟರಿನ ಡ್ರೈವಿಗೆ? "ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ನಾಲ್ಕು ಡ್ರೈವ್ ಜೋಡಿಸಿದ್ದೇವೆ, ಚಿಂತೆಯಿಲ್ಲ" ಅನ್ನುವವರು ಬಹಳ. ಈ ಧೈರ್ಯ ಎಲ್ಲಿಯವರೆಗೆ ಸರಿ, ಎಲ್ಲಿ ತಪ್ಪುತ್ತದೆ ಎಂಬುದನ್ನು ವಿಜ್ಞಾನದ ಗೆಳೆಯರಿಗಷ್ಟೇ ಬಿಡದೆ ನಾವು ಕಾಮರ್ಸಿನವರೂ ಸ್ವಲ್ಪ ನೋಡೋಣ.

ಈ ಜೋಡಣೆಯ ಹೆಸರು 'ರೇಡ್'. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ಇದರ ಮೇಲೆ ಪ್ರಬಂಧ ಪ್ರಕಟಿಸಿದರು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಚಿಕ್ಕ ಡಿಸ್ಕುಗಳನ್ನು ಸಾಲಾಗಿ ಕಟ್ಟಿದರೆ ಕೆಲಸ ಬೇಗ ಆಗುತ್ತದೆ, ಖರ್ಚೂ ಕಡಿಮೆ. ಆದರೆ ಡಿಸ್ಕುಗಳು ಹೆಚ್ಚಿದಷ್ಟೂ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚು. ಅದಕ್ಕೆ ಪರಿಹಾರವಾಗಿ ಹೆಚ್ಚುವರಿ ಡಿಸ್ಕು ಇಡಬೇಕು ಎಂದರು.

ಹೆಚ್ಚುವರಿ ಇಡುವುದರಲ್ಲಿ ಎರಡು ಬಗೆ. ಮೊದಲನೆಯದು ಕನ್ನಡಿಯಂತೆ: ಒಂದರಲ್ಲಿ ಬರೆದದ್ದನ್ನೆಲ್ಲಾ ಇನ್ನೊಂದರಲ್ಲೂ ಬರೆಯುವುದು. ಭದ್ರ, ಆದರೆ ಖರ್ಚು ಎರಡು ಪಟ್ಟು. ಎರಡನೆಯದು ನಮ್ಮ ಲೆಕ್ಕಪತ್ರದ ಜಾಣತನವನ್ನೇ ಹೋಲುತ್ತದೆ. ಸೋಮವಾರದ ವಸೂಲಿ 70 ರೂಪಾಯಿ, ಮಂಗಳವಾರ 40, ಬುಧವಾರ 90, ಒಟ್ಟು 200 ಅಂತ ಬರೆದಿದೆ ಅನ್ನಿ. ಮಂಗಳವಾರದ ಅಂಕಿಯ ಮೇಲೆ ಚಹಾ ಚೆಲ್ಲಿ ಅಳಿಸಿಹೋಯ್ತು. ಗಾಬರಿ ಬೇಡ. 200ರಲ್ಲಿ 160 ಕಳೆದರೆ 40 ಸಿಕ್ಕೇ ಸಿಗುತ್ತದೆ. ಮೂರು ಡ್ರೈವಿನ ಮಾಹಿತಿಗೆ ಒಂದು ಡ್ರೈವಿನಷ್ಟು 'ಮೊತ್ತ' ಸಾಕು. ಯಂತ್ರ ಕೂಡಿಸುವ ಬದಲು 1 ಮತ್ತು 0ಗಳ ಸಮ-ಬೆಸ ನೋಡುತ್ತದೆ, ಅಷ್ಟೇ ವ್ಯತ್ಯಾಸ. ಇದಕ್ಕೆ 'ಪ್ಯಾರಿಟಿ' ಅನ್ನುತ್ತಾರೆ. ಆದರೆ ಎರಡು ಅಂಕಿ ಒಟ್ಟಿಗೆ ಅಳಿಸಿದರೆ ಯಾವ ಅಕೌಂಟೆಂಟನೂ ಹೇಳಲಾರ! ಎರಡು ಬಗೆಯ ಮೊತ್ತ ಇಡುವ 'ರೇಡ್ 6' ಎರಡು ನಷ್ಟ ತಡೆಯುತ್ತದೆ, ಮೂರನೆಯದನ್ನಲ್ಲ.

ಅಂದರೆ ಇಡೀ ಲೆಕ್ಕ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಡ್ರೈವುಗಳು ಬೇರೆ ಬೇರೆ ಕಾಲಕ್ಕೆ ಕೆಡುತ್ತವೆ, ಒಂದು ಕೆಟ್ಟು, ಅದನ್ನು ಬದಲಿಸಿ, ಮಾಹಿತಿ ತುಂಬುವ ತನಕ ಉಳಿದವು ಕೈ ಕೊಡುವುದಿಲ್ಲ.

ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಈ ನಂಬಿಕೆ ಬಹುಮಟ್ಟಿಗೆ ನಡೆಯಿತು. ಒಂದರ ಮೋಟಾರು ಇಂದು ನಿಂತರೆ ಇನ್ನೊಂದರದ್ದು ಮೂರು ವರ್ಷದ ಮೇಲೆ. ಎಸ್‌ಎಸ್‌ಡಿ ಹಾಗಲ್ಲ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಚಿಪ್ಪಿನೊಳಗೆ ಕೋಟ್ಯಂತರ ಸಣ್ಣ ಕೋಶಗಳಲ್ಲಿ ವಿದ್ಯುದಂಶವನ್ನು ಕೂಡಿಹಾಕುವುದೇ ಅದರ ಬರವಣಿಗೆ. ಬರೆದ ಕಡೆ ಮತ್ತೆ ಬರೆಯಬೇಕಾದರೆ ಮೊದಲು ಅಳಿಸಬೇಕು, ಅಳಿಸಿದಷ್ಟೂ ಕೋಶದ ಗೋಡೆ ಸವೆಯುತ್ತದೆ. ಸ್ಲೇಟನ್ನು ಒರಸಿ ಒರಸಿ ಕರಿ ಬಣ್ಣ ಹೋಗುವುದಿಲ್ಲವೇ, ಹಾಗೆ. ಅಂದರೆ ಎಸ್‌ಎಸ್‌ಡಿಯ ಆಯುಷ್ಯ ಬಹುಪಾಲು ಬರೆದದ್ದರ ಲೆಕ್ಕ.

ತೊಡಕು ಇರುವುದು ಇಲ್ಲೇ. ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಮಾದರಿಯ ನಾಲ್ಕು ಎಸ್‌ಎಸ್‌ಡಿ ಕೊಂಡು ರೇಡ್ ಕಟ್ಟುತ್ತೇವೆ. ರೇಡ್ ಬಹಳ ನ್ಯಾಯವಂತ, ಬರೆಯುವ ಕೆಲಸವನ್ನು ನಾಲ್ಕಕ್ಕೂ ಸಮನಾಗಿ ಹಂಚುತ್ತದೆ. ಆದ್ದರಿಂದ ನಾಲ್ಕೂ ಸಮನಾಗಿ ಸವೆಯುತ್ತವೆ. ಒಂದು ಕೆಟ್ಟ ದಿನ ಉಳಿದ ಮೂರೂ ಮುದುಕರೇ. ಹೊಸದಕ್ಕೆ ಮಾಹಿತಿ ತುಂಬಲು ಆ ಮೂವರನ್ನೇ ಮೊದಲಿನಿಂದ ಕೊನೆಯವರೆಗೆ ಓದಬೇಕು. ಪರೀಕ್ಷೆಗೆ ನಾಲ್ವರೂ ಒಂದೇ ಲೋಕಲ್ ಹಿಡಿದಂತೆ. ಗಾಡಿ ನಿಂತರೆ ಪ್ರಶ್ನೆಪತ್ರಿಕೆಯ ಸುದ್ದಿ ಹೇಳುವವರು ಯಾರು?

ಇದು ಬರೇ ಊಹೆಯಲ್ಲ. 2019ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕಂಪನಿ ತನ್ನ ಗಿರಾಕಿಗಳಿಗೆ ಒಂದು ಎಚ್ಚರಿಕೆ ಕೊಟ್ಟಿತು. ಕೆಲವು ಮಾದರಿಯ ಎಸ್‌ಎಸ್‌ಡಿಗಳು ಅವುಗಳೊಳಗಿನ ಪ್ರೋಗ್ರಾಂ ದೋಷದಿಂದ ಸರಿಯಾಗಿ 32,768 ಗಂಟೆ ಓಡಿದ ಮೇಲೆ, ಅಂದರೆ 3 ವರ್ಷ 270 ದಿನ 8 ಗಂಟೆಗೆ ಸತ್ತುಹೋಗುತ್ತವೆ, ಮಾಹಿತಿ ಮರಳಿ ಸಿಗದು, ಒಟ್ಟಿಗೆ ಶುರುಮಾಡಿದವು ಹೆಚ್ಚುಕಡಿಮೆ ಒಟ್ಟಿಗೇ ಹೋಗುತ್ತವೆ ಎಂದು. 32,768 ಎಂದರೆ 2ನ್ನು 15 ಸಲ ಗುಣಿಸಿದ ಸಂಖ್ಯೆ. ಕಂಪ್ಯೂಟರ್ ಕಲಿತವರಿಗೆ ಇದು ಹಳೆಯ ಪರಿಚಯ. 2020ರ ಮಾರ್ಚಿನಲ್ಲಿ ಬೇರೆ ಕೆಲವು ಮಾದರಿಗಳಿಗೆ 40,000 ಗಂಟೆಯ ಇಂಥದೇ ಎಚ್ಚರಿಕೆ ಬಂತು. ಪ್ರೋಗ್ರಾಂ ತಿದ್ದಿಕೊಂಡವರಿಗೆ ಈ ಗಂಡಾಂತರ ತಪ್ಪಿತು. ತಿದ್ದಿಕೊಳ್ಳದೆ ಒಂದೇ ದಿನ ಜೋಡಿಸಿಟ್ಟವರಿಗೆ ಕನ್ನಡಿಯೂ ಇಲ್ಲ, ಮೊತ್ತವೂ ಇಲ್ಲ.

ಸಮನಾಗಿ ಸವೆಯುವುದಕ್ಕೆ ಪರಿಹಾರವನ್ನು 2010ರಲ್ಲಿ ಕೆಲವು ಸಂಶೋಧಕರು 'ಡಿಫ್-ರೇಡ್' ಎಂಬ ಹೆಸರಿನಲ್ಲಿ ಸೂಚಿಸಿದರು. ಪ್ಯಾರಿಟಿಯ ಭಾರವನ್ನು ಬೇಕೆಂದೇ ಅಸಮವಾಗಿ ಹಂಚಿ. ಆಗ ಒಂದು ಮೊದಲು ಮುದಿಯಾಗುತ್ತದೆ, ಅದನ್ನು ಬದಲಿಸಿದಾಗ ಉಳಿದವಕ್ಕೆ ಇನ್ನೂ ಶಕ್ತಿ ಇರುತ್ತದೆ ಎಂದರು. ನ್ಯಾಯ ಬಿಟ್ಟು ಅನ್ಯಾಯದಲ್ಲಿ ಕ್ಷೇಮ!

ನಮ್ಮಂಥವರು ಇಷ್ಟು ಮಾಡಬಹುದು. ಡ್ರೈವುಗಳನ್ನು ಬೇರೆ ಬೇರೆ ಕಂಪನಿ ಅಥವಾ ಬೇರೆ ಬೇರೆ ತಿಂಗಳಿನ ತಯಾರಿಕೆಯಿಂದ ಆರಿಸಿರಿ. ಎಷ್ಟು ಸವೆದಿದೆ ಎಂಬ ಲೆಕ್ಕವನ್ನು ಡ್ರೈವೇ ಇಟ್ಟಿರುತ್ತದೆ, ಆಗಾಗ ನೋಡಿರಿ. ಕಂಪನಿ ಕೊಡುವ ತಿದ್ದುಪಡಿ ಹಾಕಿಸಿರಿ. ಒಂದನ್ನು ಸಾಯುವ ಮೊದಲೇ ಬದಲಿಸಿರಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಕೊನೆಗೆ. ರೇಡ್ ಎಂದರೆ ಬ್ಯಾಕಪ್ ಅಲ್ಲ. ಅದು ಕೆಲಸ ನಿಲ್ಲದಂತೆ ನೋಡುವ ಏರ್ಪಾಡು. ನೀವು ಕೈತಪ್ಪಿ ಒಂದು ಕಡತ ಅಳಿಸಿದರೆ ಕನ್ನಡಿಯ ಡ್ರೈವೂ ಅದೇ ಕ್ಷಣ ವಿಧೇಯವಾಗಿ ಅಳಿಸುತ್ತದೆ. ವೈರಸ್ಸು ಬಂದರೂ ಅಷ್ಟೆ, ಕೋಣೆಗೆ ಮಳೆನೀರು ನುಗ್ಗಿದರೂ ಅಷ್ಟೆ. ಆದ್ದರಿಂದ ಒಂದು ಪ್ರತಿ ಬೇರೆ ಯಂತ್ರದಲ್ಲಿ, ಬೇರೆ ಮನೆಯಲ್ಲಿ ಇರಲೇಬೇಕು. ಅದು ಓದಲು ಬರುತ್ತದೋ ಇಲ್ಲವೋ ಅಂತ ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು.

ಸೈಕ್ಲೋಸ್ಟೈಲ್ ಪತ್ರಿಕೆ ನೋಡಿ ನಗುವವರಿದ್ದಾರೆ. ಆದರೆ ಅದರ ಪ್ರತಿಗಳು ಒಂದೇ ಪೆಟ್ಟಿಗೆಯಲ್ಲಿ ಕೂತಿರುವುದಿಲ್ಲ. ಒಂದು ಡೊಂಬಿವಲಿಯಲ್ಲಿ, ಇನ್ನೊಂದು ಮಾಟುಂಗದಲ್ಲಿ, ಮತ್ತೊಂದು ಊರಿನ ಅಟ್ಟದ ಮೇಲೆ. ಡ್ರೈವುಗಳಿಗೂ ಬೇಕಾದದ್ದು ಅದೇ. ಎಷ್ಟು ಪ್ರತಿ ಅನ್ನುವುದಕ್ಕಿಂತ, ಅವು ಎಷ್ಟು ಬೇರೆ ಬೇರೆ ಅನ್ನುವುದು ದೊಡ್ಡದು.