ಅಜ್ಜಿ ಯಾಕೆ ಬರಲಿಲ್ಲ?

ಮಂಗಳೂರಿನ ದೇರೆಬೈಲಿನ ಹಳೆಯ ಹಂಚಿನ ಮನೆಗಳಲ್ಲಿ ಬೀಡಿ ಕಟ್ಟುವ ಅಜ್ಜಿಯಂದಿರು ಇನ್ನೂ ಇದ್ದಾರೆ. ನೆನೆಸಿದ ಎಲೆಯ ಮೇಲೆ ತಗಡಿನ ಅಚ್ಚಿಟ್ಟು ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹಾಕಿ ಸುರುಳಿ ಸುತ್ತಿ, ತುದಿ ಮಡಚಿ ನೂಲು ಬಿಗಿಯುವಾಗ ಅವರು ಕೈಯತ್ತ ನೋಡುವುದೇ ಇಲ್ಲ. ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದರೆ ಅಲ್ಲಿ ಇನ್ನಷ್ಟು ಹೆಂಗಸರು. ಯಾರ ಮಂಡಿನೋವು ಹೇಗಿದೆ, ಯಾರ ಮೊಮ್ಮಗಳಿಗೆ ಗಂಡು ನೋಡುತ್ತಿದ್ದಾರೆ ಎಂಬುದೆಲ್ಲ ತುಳುವಿನಲ್ಲಿ ಹರಿದಾಡುತ್ತದೆ. ಒಬ್ಬರು ಎರಡು ದಿನ ಕಾಣದಿದ್ದರೆ ‘ಅಜ್ಜಿ ಯಾಕೆ ಬರಲಿಲ್ಲ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಬೀಡಿ ಕೆಲಸವನ್ನು ಹೊಗಳಲಾರೆ. ಹೊಗೆಸೊಪ್ಪಿನ ಧೂಳು ಎದೆಗೆ ಕೆಟ್ಟದ್ದು, ಕೂತು ಕೂತು ಸೊಂಟ ಹೋಗುತ್ತದೆ, ಕೂಲಿ ಕಡಿಮೆ. ಹೊಟ್ಟೆಪಾಡಿಗಾಗಿ 75ರಲ್ಲೂ ಬೀಡಿ ಕಟ್ಟಬೇಕಾದ ಮುಪ್ಪು ಯಾರಿಗೂ ಬೇಡ. ಆದರೆ ‘ಯಾಕೆ ಬರಲಿಲ್ಲ’ ಎಂಬ ಆ ಕೇಳುವಿಕೆ ಎಲ್ಲ ಹಿರಿಯರಿಗೂ ಬೇಕು.

ಜಪಾನಿನ ಒಕಿನಾವಾದಲ್ಲಿ ‘ಮೊಆಯ್’ ಎಂಬ ಗುಂಪುಗಳಿವೆ. ನಮ್ಮ ಚೀಟಿಯಂತೆಯೇ ಹಣ ಹಾಕಿ, ಸರದಿಯಂತೆ ಎತ್ತುತ್ತಾರೆ. ಹಣಕ್ಕಿಂತ ಮುಖ್ಯ, ಅದೇ ಗೆಳೆಯರು ತಿಂಗಳು ತಿಂಗಳು, ವರ್ಷಗಟ್ಟಲೆ ಮುಖ ನೋಡುತ್ತಾರೆ. ಅಲ್ಲಿನವರ ದೀರ್ಘಾಯುಷ್ಯಕ್ಕೆ ಗೆಣಸು, ಹಾಗಲಕಾಯಿ ಕಾರಣ ಎಂದು ಬರೆಯುವವರು ಬಹಳ. ಊಟ ಮುಖ್ಯವೇ; ಕುಚ್ಚಲಕ್ಕಿ ಗಂಜಿ, ಬಸಳೆ ಉಂಡು ಗಟ್ಟಿಯಾಗಿರುವ ಹಿರಿಯರು ನಮ್ಮಲ್ಲೂ ಇದ್ದಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಈ ಮುಖ ನೋಡುವಿಕೆ.

ಏಕೆಂದರೆ ಅದೇ ಜಪಾನಿನ ಇನ್ನೊಂದು ಸುದ್ದಿಯೂ ಇದೆ. 2010ರಲ್ಲಿ ಟೋಕಿಯೊದ ಅತಿ ಹಿರಿಯ ಪುರುಷ, 111 ವರ್ಷದವರು ಎಂದುಕೊಂಡಿದ್ದ ವ್ಯಕ್ತಿ ಸುಮಾರು 30 ವರ್ಷ ಹಿಂದೆಯೇ ಮನೆಯೊಳಗೆ ತೀರಿಕೊಂಡಿದ್ದರು ಎಂದು ಗೊತ್ತಾಯಿತು. ದೇಶದ ದಾಖಲೆ ತಿರುವಿ ನೋಡಿದರೆ, ನೂರು ದಾಟಿದವರೆಂದು ಬರೆದಿದ್ದ 2,30,000ಕ್ಕೂ ಹೆಚ್ಚು ಮಂದಿಯ ಪತ್ತೆಯೇ ಇಲ್ಲ. ಹಿರಿಯರ ಗೌರವಕ್ಕೆಂದೇ ಸೆಪ್ಟೆಂಬರಿನಲ್ಲಿ ರಜೆ ಕೊಡುವ ದೇಶವದು! ಡೆನ್ಮಾರ್ಕ್‌ನವರು ಹಿರಿಯರನ್ನು ವಿಚಾರಿಸುವುದನ್ನು ಸಂಸ್ಕೃತಿಗೆ ಬಿಟ್ಟುಬಿಡಲಿಲ್ಲ. ವಯಸ್ಸಾದವರ ಮನೆಗೆ ಸ್ಥಳೀಯ ಆಡಳಿತದವರೇ ಹೋಗಿ ವಿಚಾರಿಸಬೇಕೆಂದು ತೊಂಬತ್ತರ ದಶಕದಲ್ಲೇ ಕಾನೂನು ಮಾಡಿದರು.

ನಮ್ಮಲ್ಲಿ ಹಿರಿಯ ನಾಗರಿಕರ ಕುರಿತ 2007ರ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸುತ್ತದೆ. ಆದರೆ ದೇರೆಬೈಲಿನ ಫ್ಲ್ಯಾಟುಗಳಲ್ಲಿರುವ ಎಷ್ಟೋ ತಂದೆತಾಯಿಗೆ ದುಡ್ಡಿನ ಕೊರತೆಯಿಲ್ಲ. ದುಬೈಯಿಂದ, ಬೆಂಗಳೂರಿನಿಂದ ಹಣ ಬರುತ್ತದೆ, ರಾತ್ರಿ ವಿಡಿಯೊ ಕರೆ ಬರುತ್ತದೆ. ‘ಇನ್ನು ನೀವು ಆರಾಮ ಮಾಡಿ’ ಎಂದು ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ. ಹಾಗೆ ಹೇಳಿದ ಮೇಲೆ ಅಮ್ಮ ಹೊರಗೆ ಹೋಗಬೇಕಾದ ಕೆಲಸ ಒಂದೂ ಉಳಿಯುವುದಿಲ್ಲ.

ಈ ಊರಲ್ಲಿ ಚರ್ಚಿನ ವಾರ್ಡುಗಳಿವೆ, ಅವನ್ನು ನೋಡಿಕೊಳ್ಳುವ ಗುರಿಕಾರರಿದ್ದಾರೆ. ಭಜನಾ ಮಂದಿರ, ಸ್ವಸಹಾಯ ಸಂಘಗಳಿವೆ. ಒಂಟಿಯಾಗಿರುವ ಹಿರಿಯರ ಪಟ್ಟಿಯೊಂದನ್ನು ಇವರೆಲ್ಲ ಇಟ್ಟುಕೊಳ್ಳಲಿ. ಪ್ರತಿ ವಾರ ಬಾಗಿಲು ತಟ್ಟಲಿ. ಮತ್ತು ಆ ಹಿರಿಯರ ಕೈಗೆ ಸಂಘದ ಲೆಕ್ಕವನ್ನೋ, ಮಕ್ಕಳಿಗೆ ಕನ್ನಡ ಹೇಳಿಕೊಡುವುದನ್ನೋ, ಅವರಿಗೆ ಒಪ್ಪುವ ಒಂದು ಕೆಲಸವನ್ನು ವಹಿಸಲಿ.